ಬಾಗಿಲಿನ ಪಾತ್ರ

ಮೊದಲು ಬೆಂಚುಗಳನ್ನು ಗೋಡೆಗೆ ಸರಿಸಬೇಕು.
ಅದೇ ಅರ್ಧ ಪಾಠ. ಒಂದು ತುದಿಗೆ ನಾನು,
ಇನ್ನೊಂದಕ್ಕೆ ನಾಲ್ಕನೇ ಇಯತ್ತೆಯ ಜೋವಿಟಾ,
ನಡುವೆ ಹೊಟ್ಟೆ ಕೊಟ್ಟು ತಳ್ಳುವ ಒಂದನೆಯ ಪುಟಾಣಿಗಳು.
ನೆಲ ಬಿಡುವಾಯಿತು. ನೆಲಕ್ಕೂ ಆಶ್ಚರ್ಯ:
ಇಷ್ಟು ದೊಡ್ಡದಿದ್ದೆನೇ ನಾನು?

ಮಾಜಾಳಿಯ ಶಾಲೆ. ಕಿಟಕಿಯಾಚೆ ಗಾಳಿಮರ,
ಅದರಾಚೆ ಒಣಹಾಕಿದ ಮೀನಿನ ವಾಸನೆ,
ಅದರಾಚೆ, ಕಾಣದಿದ್ದರೂ ದಿನವಿಡೀ ಮಾತಾಡುವ ಸಮುದ್ರ.
ನಾನು ರೋಣದವಳು. ಕೆರೆಯಂಚಿನಲ್ಲಿ ಕೂತು
ನೀರು ಮುಗಿಯುವುದನ್ನು ನೋಡಿ ಬೆಳೆದವಳು.
'ಅಲೆ ಆಗಿ' ಅಂದೆ, ಕೈ ಮೇಲೆ ಕೆಳಗೆ ಆಡಿಸಿ ತೋರಿಸಿದೆ.
ನಕ್ಕರು.
'ಅಕ್ಕೋರೇ, ಅದು ಅಲೆಯಲ್ಲ, ಬಟ್ಟೆ ಜಾಲಿಸೋದು.'
ಅಲೆಯೆಂದರೆ ಮೊದಲು ಹಿಂದಕ್ಕೆ ಹೋಗಬೇಕಂತೆ
ಕಾಲಡಿಯ ಮರಳು ಕದ್ದುಕೊಂಡು,
ಆಮೇಲೆ ಬೆನ್ನು ಏಳಬೇಕಂತೆ, ಹೊಟ್ಟೆಯೊಳಗಿಂದ.
ಹತ್ತೊಂಬತ್ತು ಮಕ್ಕಳು ಒಟ್ಟಿಗೆ ಹಿಂದೆ ಸರಿದರು.
ಸಿಮೆಂಟಿನ ಮೇಲೆ ನಿಂತ ನನಗೆ
ಕಾಲು ಜಾರಿತು.

ಮೂರರ ಮಗ್ಗಿಯನ್ನು ರಂಪಣಿ ಬಲೆಗೆ ಕಟ್ಟಿದೆವು.
ಹಗ್ಗವಿಲ್ಲ. ಆದರೂ ಎರಡು ಸಾಲಾಗಿ ನಿಂತು
ಹಿಮ್ಮಡಿ ಊರಿ, ಮೂರೊಂದ್ಲೆ ಮೂರು, ಎಳೆ,
ಮೂರೆರಡ್ಲೆ ಆರು, ಎಳೆ,
ಮೂರೇಳ್ಲೆ ಹತ್ತಿರ ಬಲೆ ಭಾರವಾಯಿತು
(ಯಾವಾಗಲೂ ಅಲ್ಲೇ ಭಾರ),
ಪಮ್ಮು ಬಿದ್ದ, ಎದ್ದ, ಇಪ್ಪತ್ತೊಂದು ಅಂದ.
ಮೂವತ್ತಕ್ಕೆ ದಡ. ತಾರ್ಲಿ ಎಣಿಸಿ
ನನ್ನ ಪಾಲು ಕೊಟ್ಟರು, ಇಲ್ಲದ್ದನ್ನು ಬೊಗಸೆ ತುಂಬ.
ಸಂಜೆ ಕೈ ಮೂಸಿ ನೋಡಿಕೊಂಡೆ, ಸುಳ್ಳಲ್ಲ.

ಸಾಯೀಶ ತಾಂಡೇಲ, ಎರಡನೇ ಇಯತ್ತೆ,
ಜೂನಿನಿಂದ ಒಂದು ಮಾತೂ ಆಡಿಲ್ಲ.
ಮನೆಯಲ್ಲಿ ಕೊಂಕಣಿ, ಇಲ್ಲಿ ಕನ್ನಡ,
ನಡುವಿನ ಗಟಾರ ದಾಟುವಾಗ ಎಲ್ಲೋ
ನಾಲಿಗೆಯನ್ನು ಚಪ್ಪಲಿಯಂತೆ ಕಳಚಿಟ್ಟು ಬರುತ್ತಿದ್ದ.
ಹಾಜರಿ ಕರೆದರೆ ಕೈ ಎತ್ತುತ್ತಿದ್ದ, ಅದೂ ಅರ್ಧ.

ಶುಕ್ರವಾರ ನಾಟಕ. ಕತೆ ಅವರದ್ದೇ:
ನೆಂದ ಮೊಲ, ಹುಲಿಯ ಮನೆ, ರಾತ್ರಿ.
ಹುಲಿಯಾಗಲು ಐವರ ಜಗಳ. ಐದೂ ಹುಲಿ ಇರಲಿ ಅಂದೆ.
ಮಳೆಯಾದವರು ಜಗಲಿಯಲ್ಲಿ ಕೂತು
ಅಂಗೈ ಮೇಲೆ ಒಂದು ಬೆರಳಿಂದ ಶುರುಮಾಡಿ, ಎರಡು, ನಾಲ್ಕು,
ಆಮೇಲೆ ತೊಡೆ ಬಡಿದು ಹಂಚು ಹಾರುವಂತೆ ಸುರಿದರು.
ಉಳಿದದ್ದು ಬಾಗಿಲು. ಯಾರಿಗೂ ಬೇಡ.
ಬಾಗಿಲಿಗೆ ಮಾತಿಲ್ಲ, ಬಾಲವಿಲ್ಲ, ಕಾಗದದ ಮೀಸೆಯಿಲ್ಲ.
ಸಾಯೀಶ ಹೊಸ್ತಿಲಿಗೆ ಹೋಗಿ ನಿಂತ,
ಕೈ ಅಗಲಿಸಿ, ಗದ್ದ ಎತ್ತಿ,
ಒಂದು ಮೊಣಕಾಲು ಸ್ವಲ್ಪ ಹೊರಗೆ.
ಅದು ಚಿಲಕವೆಂದು ಆಮೇಲೆ ತಿಳಿಯಿತು.

ಮೊಲ ತಟ್ಟಿತು. ಬಾಗಿಲು ತೆರೆಯಲಿಲ್ಲ.
'ತೆಗಿಯೋ' ಅಂದವು ಒಳಗಿನ ಐದು ಹುಲಿ.
ತೆರೆಯಲಿಲ್ಲ.
ಮಳೆಗೆ ಸುರಿದು ಸುರಿದು ತೊಡೆ ಕೆಂಪಾಗಿ
ಮಳೆಯೇ ನನ್ನ ಮುಖ ನೋಡತೊಡಗಿತು.
ಕತೆಯ ಪ್ರಕಾರ ತೆರೆಯಲೇಬೇಕು.
ನಾನು ಬಾಯಿ ತೆರೆದೆ, ಮುಚ್ಚಿದೆ.

ಆಗಲೇ ಬಂದರು ಸಿ.ಆರ್.ಪಿ. ಗುನಗಿ ಸರ್,
ಕಂಕುಳಲ್ಲಿ ಫೈಲು, ಕೈಯಲ್ಲಿ ಹೆಲ್ಮೆಟ್ಟು.
ಬಂದವರು ಮೊಲದ ಹಿಂದೆ ಸಾಲಿನಲ್ಲಿ ನಿಂತರು,
ಬೇರೆ ದಾರಿ ಇರಲಿಲ್ಲ.
ಬಾಗಿಲು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು.
'ಕೋಣ್?' ಅಂದಿತು.

ಯಾರು, ಅಂತ. ಅಷ್ಟೇ.
ಮಳೆ ನಿಂತುಹೋಯಿತು. ಹುಲಿಗಳು ಬಾಲ ಹಿಡಿದುಕೊಂಡವು.
ಗುನಗಿ ಸರ್ ಹೆಲ್ಮೆಟ್ಟನ್ನು ನೆಲಕ್ಕಿಟ್ಟರು,
ನಿಧಾನ ಬಗ್ಗಿ, ಚಿಲಕದ ಎತ್ತರಕ್ಕೆ ಮುಖ ತಂದು
'ಹಾಂವ' ಅಂದರು. 'ಭಿಜ್ಲಾಂ.'
ನಾನು. ನೆಂದಿದ್ದೇನೆ.
ಹೊರಗೆ ನವೆಂಬರಿನ ಸುಡುಬಿಸಿಲು.

ಮೊಣಕಾಲು ಒಳಸರಿಯಿತು.

ತಪಾಸಣೆಯ ವಹಿಯಲ್ಲಿ ವಿಷಯ ಕನ್ನಡ ಅಂತ ಬರೆದು
ಪುಟ ಸಂಖ್ಯೆಯ ಮುಂದೆ ಪೆನ್ನು ಹಿಡಿದು ಕೂತರು, ಬಹಳ ಹೊತ್ತು.
ನಾನೂ ಹೇಳಲಿಲ್ಲ.

ಸೋಮವಾರ ಹಾಜರಿ. ಅವನ ಹೆಸರು ಬಂದಾಗ
ಮಾತಿಲ್ಲ. ಕೈ ಅರ್ಧ.
ಬೆಂಚಿನ ಕೆಳಗೆ ಮಾತ್ರ
ಒಂದು ಮೊಣಕಾಲು ಸ್ವಲ್ಪ ಹೊರಗೆ.
ಮೇಜು ತಟ್ಟಿದೆ,
ಎರಡು ಸಲ, ಮೆಲ್ಲಗೆ.