ತೂಕದ ಚೀಟಿ

ಪೇರೇಸಂದ್ರದಿಂದ ಗುಡಿಬಂಡೆಗೆ ಹೋಗುವ ದಾರಿಯಲ್ಲಿ
ನನ್ನದೊಂದು ತಗಡಿನ ಗೂಡು, ಎದುರಿಗೆ ಉಕ್ಕಿನ ಹಾಸು.
ಲಾರಿ ಖಾಲಿ ಬಂದಾಗ ಒಮ್ಮೆ, ತುಂಬಿ ಹೋಗುವಾಗ ಒಮ್ಮೆ
ಅದರ ಮೇಲೆ ನಿಲ್ಲಬೇಕು, ಉಸಿರು ಹಿಡಿದು.
ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ
ಉಳಿಯುವುದು ನಮ್ಮ ಗುಡ್ಡ.

ಹನ್ನೊಂದು ವರ್ಷದಿಂದ ಕಳೆಯುತ್ತಿದ್ದೇನೆ.
ಮೊದಲು ಮುಳ್ಳುಹಂದಿಯ ಗವಿ ಹೋಯಿತು,
ಆಮೇಲೆ ಸೀತಾಫಲದ ಪೊದೆ,
ಆಮೇಲೆ, ಊರಿಗೆ ಸಂಜೆಯನ್ನು ಬೇಗ ತರುತ್ತಿದ್ದ ನೆರಳು.
ಈಗ ನಮ್ಮಲ್ಲಿ ಹೊತ್ತು ಮುಳುಗುವುದು ಇಪ್ಪತ್ತು ನಿಮಿಷ ತಡ.
ಪಿಳ್ಳಮ್ಮನ ಕೋಳಿಗಳಿಗೆ ಇನ್ನೂ ಲೆಕ್ಕ ಹತ್ತಿಲ್ಲ,
ಮಂಕರಿಯ ಬಳಿ ಬಂದು
ಕತ್ತಲೆಗೆ ಕಾದು ನಿಲ್ಲುತ್ತವೆ.

ರೇಡಿಯೋದಲ್ಲಿ ಸುದ್ದಿ: ಎಲ್ಲೋ ಒಂದು ದೊಡ್ಡ ದೇಶ,
ಅದರ ಮಗ್ಗುಲಲ್ಲೊಂದು ಪುಟ್ಟ ದೇಶ,
ಪುಟ್ಟದರ ಹೊಟ್ಟೆಯೊಳಗೆ ಅನಿಲವಂತೆ, ತಾಮ್ರವಂತೆ.
ದೊಡ್ಡದು ಕೈ ಕುಲುಕಿ ಹೇಳಿತಂತೆ,
ನಾವು ಅಣ್ಣತಮ್ಮಂದಿರು.
ಬಾಬಾಜಾನ್ ಸ್ಟೀರಿಂಗಿನ ಮೇಲೆ ಗಲ್ಲ ಊರಿ ನಕ್ಕ:
"ಅಣ್ಣ ಅಂತ ಬಂದ್ನಾ? ಪಾಲು ಕೇಳ್ತಾನೆ ಬಿಡಕ್ಕ."
ನಾನೂ ನಕ್ಕೆ. ಚೀಟಿ ಹರಿದು ಕೊಟ್ಟೆ.
ಮೂವತ್ತೊಂದು ಟನ್ನು. ದಕ್ಷಿಣಕ್ಕೆ.

ಬೆಂಗಳೂರು ಕೆಟ್ಟದ್ದಲ್ಲ, ದೇವರಾಣೆಗೂ.
ತಂಗಿಯ ಹೆರಿಗೆ ಅಲ್ಲೇ ಆಯಿತು, ನನ್ನ ಕನ್ನಡಕ ಅಲ್ಲಿಯದು.
ನಮ್ಮ ದ್ರಾಕ್ಷಿ, ಹಾಲು, ಹೂಕೋಸು, ಜಲ್ಲಿ ಎಲ್ಲ ಉಂಡು
ಕೈ ತೊಳೆದ ನೀರನ್ನು ಮತ್ತೆ ತೊಳೆದು
ಪೈಪಿನಲ್ಲಿ ಕಳಿಸುತ್ತದೆ. ಕೆರೆ ತುಂಬಿದ್ದು ಸುಳ್ಳಲ್ಲ.
ದಂಡೆಯಲ್ಲಿ ನೆರೆದೆವು, ಅರಿಶಿನ ಕುಂಕುಮ ಬಿಟ್ಟೆವು.
ಎಮ್ಮೆಗಳು ಮಾತ್ರ ಮೂಸಿ ನೋಡಿ
ಒಂದು ಹೆಜ್ಜೆ ಹಿಂದೆ ಸರಿದು
ಆಮೇಲೆ ಕುಡಿದವು.
ಬೇರೇನನ್ನು ಕುಡಿಯಬೇಕು?

ನೆರೆಹೊರೆ ಎನ್ನುತ್ತೇವಲ್ಲ, ಒಂದೇ ಉಸಿರಿನಲ್ಲಿ,
ಅದನ್ನೂ ಒಂದು ರಾತ್ರಿ ಈ ಹಾಸಿನ ಮೇಲಿಟ್ಟು
ಬಿಡಿಸಿ ತೂಗಿದೆ.
ಅರ್ಧ ಹಗುರ, ಅರ್ಧ ಭಾರ.
ಯಾವ ಅರ್ಧ ಯಾರದೆಂದು ಬರೆಯಲು
ಚೀಟಿಯಲ್ಲಿ ಜಾಗವಿಲ್ಲ.

ನಿನ್ನೆ ಕರೆಂಟು ಹೋಗಿ ಬಂದ ಹೊತ್ತಿನಲ್ಲಿ
ಪಿಳ್ಳಮ್ಮನ ಹುಂಜವೊಂದು ಹಾಸಿನ ನಟ್ಟನಡುವೆ ಬಂದು ನಿಂತಿತು.
ಕತ್ತು ಓರೆ ಮಾಡಿ
ಗುಡ್ಡವಿದ್ದ ಕಡೆ ನೋಡಿತು.
ಪರದೆಯಲ್ಲಿ ಸೊನ್ನೆ.
ಹತ್ತು ಕಿಲೋ ಒಳಗಿನದು ಯಾವುದೂ ಈ ಯಂತ್ರಕ್ಕೆ ಕಾಣುವುದಿಲ್ಲ.
ಆದರೂ ಚೀಟಿ ಹಾಕಿದೆ, ರುಜು ಮಾಡಿದೆ:
ವಾಹನ, ಹುಂಜ.
ಬಂದದ್ದು, ಸೊನ್ನೆ.
ಹೋದದ್ದು,
ಇನ್ನೂ ಹೋಗಿಲ್ಲ.