ಹದಿನೇಳನೇ ಪ್ರಶ್ನೆ

ಹಾಲ್ ಟಿಕೆಟ್ಟಿನಲ್ಲಿ ಹೆಸರು ತಪ್ಪಾಗಿ ಬಂದಿದೆ,
ಮೊಯ್ದು ಎಂಬಲ್ಲಿ ಮೈದು.
ತಿದ್ದಿಸಲು ಹೋದರೆ ಮತ್ತೊಂದು ಅರ್ಜಿ, ಮತ್ತೈವತ್ತು ರೂಪಾಯಿ.
ಇರಲಿ, ಮೈದುವೇ ಪಾಸಾಗಲಿ.

ಮಡಿಕೇರಿಯ ಐಟಿಐ, ಫಿಟ್ಟರ್ ಹುಡುಗರ ಕೊಠಡಿ.
ಡೆಸ್ಕಿಗೆ ಮಂಡಿ ತಾಗುತ್ತದೆ.
ಮುಂದೆ ಕೂತವನು ಪೆನ್ನಿನ ಮುಚ್ಚಳ ಕಚ್ಚುತ್ತಾನೆ,
ಸೋಲಾರ್ ಹಲಗೆ ಹೊತ್ತು ಅವನು ಏಣಿ ಹತ್ತಿದ್ದು
ಒಟ್ಟು ನಾಲ್ಕು ಸಲವಂತೆ.
ನನಗೆ ಇಪ್ಪತ್ತೆರಡು ವರ್ಷ.
ಕಕ್ಕಬ್ಬೆಯಿಂದ ಗಾಳಿಬೀಡಿನ ತನಕ
ಯಾವ ತೋಡಿಗೆ ಎಷ್ಟು ಇಳಿಜಾರು ಎಂದು
ಕಾಲಿನ ಮೀನಖಂಡವೇ ಹೇಳುತ್ತಿತ್ತು.
ಸಾರಿನ ಸೌಟುಗಳ ಹಿಡಿ ಕತ್ತರಿಸಿ ಚಕ್ರಕ್ಕೆ ಬೆಸೆದೆ,
ಪೈಪಿನ ಬಾಯಿಗೆ ಒಡ್ಡಿದೆ,
ಕಂಬ ಬಾರದ ಮನೆಗಳಲ್ಲಿ
ಮಕ್ಕಳು ಮಗ್ಗಿ ಬಾಯಿಪಾಠ ಮಾಡಿದರು.
ಆಗ ಯಾರೂ ಕೇಳಲಿಲ್ಲ, ನೀನು ಯಾವ ದರ್ಜೆ ಎಂದು.

ಈಗ ಕೇಳುತ್ತಾರೆ.
ಸುತ್ತೋಲೆ ಬಂದಿದೆ: ನೋಂದಣಿ ಇಲ್ಲದವನ ಕೆಲಸಕ್ಕೆ
ಸಬ್ಸಿಡಿ ಇಲ್ಲ, ವಿಮೆ ಇಲ್ಲ, ಮೀಟರೂ ಇಲ್ಲ.
ಅರ್ಜಿಯ ಒಂಬತ್ತನೇ ಕಾಲಂ, ವಿದ್ಯಾರ್ಹತೆ.
‘ಏಳನೇ ಕ್ಲಾಸು’ ಎಂದು ಬರೆದು
ಉಳಿದ ಜಾಗ ನೋಡುತ್ತ ಕೂತಿದ್ದೆ.
ಅಷ್ಟಗಲ ಬಿಟ್ಟವರು
ಯಾರಿಗಾಗಿ ಬಿಟ್ಟಿದ್ದರೋ.

ಬೆಳಿಗ್ಗೆ ಬಸ್ಸಿನಲ್ಲಿ ಮೂರ್ನಾಡು ದಾಟುವವರೆಗೂ ಬೈದೆ,
ಸರ್ಕಾರವನ್ನು, ಸೀಲನ್ನು, ಸೀಲಿನ ಶಾಯಿಯನ್ನು.
ಪಕ್ಕದವನು ಹಂದಿಮರಿ ಕೊಳ್ಳಲು ಹೊರಟವನು,
ತಲೆಯಾಡಿಸಿ ನಿದ್ದೆ ಹೋದ.

ಹದಿನಾರರವರೆಗೆ ಸಲೀಸು.
ಹದಿನೇಳು:
‘ಮಿಕ್ಕ ವಿದ್ಯುತ್ತನ್ನು ನೀರು ಕಾಯಿಸುವ ಕಾಯಿಲ್‌ಗೆ ಹಾಯಿಸುವಾಗ
ಲೋಹದ ಪಾತ್ರೆಗೆ ಅರ್ಥಿಂಗ್ ಏಕೆ ಕಡ್ಡಾಯ?’
ನಾಲ್ಕು ಉತ್ತರ, ಒಂದು ಸರಿ.

ಪೆನ್ನು ನಿಂತಿತು.

ದೇಚಕ್ಕನ ಬಚ್ಚಲು. ತಾಮ್ರದ ಹಂಡೆ.
ರಾತ್ರಿ ದೀಪ ಆರಿಸಿದ ಮೇಲೆ
ಉಳಿದ ಕರೆಂಟೆಲ್ಲ ಅದರೊಳಗೆ ಕುದಿಯುತ್ತಿತ್ತು,
ನನ್ನದೇ ಉಪಾಯ, ಊರೆಲ್ಲ ಹೊಗಳಿದ್ದು.
ಅರ್ಥಿಂಗ್ ಗುಂಡಿ ತೋಡುವಾಗ ಮೂರಡಿಗೇ ಬಂಡೆ ಸಿಕ್ಕಿತು.
ಕೊನೆಯ ಬಸ್ಸು ಐದೂಮುಕ್ಕಾಲಿಗೆ.
ತಂತಿಯನ್ನು ಬಂಡೆಯ ಸಂದಿಗೆ ತುರುಕಿ ಮಣ್ಣು ಮುಚ್ಚಿದೆ.
ಆಯಿತಾ ಎಂದರು. ಆಯಿತು ಎಂದೆ.
ಎರಡು ತಿಂಗಳಿಗೆ ಟೈಗರ್,
ಅವರ ಕಂದು ನಾಯಿ,
ಹಂಡೆಯ ಬುಡದಲ್ಲಿ ಸೋರಿದ ನೀರು ನೆಕ್ಕಲು ಹೋಗಿ
ಸೆಟೆದು ಬಿತ್ತಂತೆ.
ಹಾವು ಕಚ್ಚಿರಬೇಕು ಎಂದರು ಫೋನಿನಲ್ಲಿ.
ನಾನೂ ಅಂದೆ, ಈ ಸಲ ಹಾವು ಜಾಸ್ತಿ.
ಬಂದು ನೋಡುತ್ತೇನೆ ಎಂದೆ.
ಹೋಗಲಿಲ್ಲ.
ಆ ಮನೆಯ ಇಬ್ಬರು ಹುಡುಗಿಯರು
ಶಾಲೆಗೆ ಮುಂಚೆ ಅದೇ ಹಂಡೆಗೆ ಚೊಂಬು ಅದ್ದುತ್ತಾರೆ.

‘ಇ’ ಎಂದು ಗುರುತು ಹಾಕಿದೆ. ಸರಿಯುತ್ತರ.
ಆ ಒಂದು ಅಂಕ ಟೈಗರಿನದು.

ಮಧ್ಯಾಹ್ನ ಅಂಗಳದಲ್ಲಿ ಪ್ರಾಯೋಗಿಕ ಪರೀಕ್ಷೆ.
ಕೈಗವಸು ಹಾಕಲಿಲ್ಲವೆಂದು
ಇನ್‌ಸ್ಪೆಕ್ಟರ್ ಮೇಡಂ ಎರಡು ಅಂಕ ಕಡಿದರು.
ಸೂರು ಹತ್ತುವಾಗ ಗವಸು ಜಾರುತ್ತದೆ ಮೇಡಂ
ಎಂದು ವಾದಿಸಲು ಇಟ್ಟುಕೊಂಡಿದ್ದ ಮಾತು
ಮೂರ್ನಾಡಿನಲ್ಲೇ ಇಳಿದುಹೋಗಿತ್ತು.
ಬರೆದುಕೊಳ್ಳಿ ಎಂದೆ.

ಫಲಿತಾಂಶ ಮುಂದಿನ ತಿಂಗಳು.
ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ
ತಾಮ್ರದ ಪ್ಲೇಟು, ಒಂದು ಚೀಲ ಇದ್ದಿಲು,
ಹತ್ತು ಕೆಜಿ ಕಲ್ಲುಪ್ಪು.
ಬಿಲ್ಲು ಯಾರ ಹೆಸರಿಗೆ ಎಂದ.
ಯಾರಿಗೂ ಬೇಡ ಎಂದೆ.

ಮರುದಿನ ಕಕ್ಕಬ್ಬೆ. ಕಾಫಿ ಹೂ ಬಿಟ್ಟಿತ್ತು,
ತೋಡು ಬೆರಳಷ್ಟು ದಪ್ಪ ಹರಿಯುತ್ತಿತ್ತು.
ಮೊದಲು ಕಾಯಿಲ್ ಕಳಚಿದೆ.
ಬಂಡೆಯ ಕಡೆ ಹೋಗಲಿಲ್ಲ,
ಬಚ್ಚಲ ನೀರು ಇಂಗುವ ಬಾಳೆಬುಡದ ಪಕ್ಕ ಗುದ್ದಲಿ ಹಾಕಿದೆ.
ಅಲ್ಲಿ ಮಣ್ಣು ಬೇಸಗೆಯಲ್ಲೂ ಒದ್ದೆ,
ಅವತ್ತೂ ಗೊತ್ತಿತ್ತು.
ಟೈಗರಿನ ಸರಪಳಿ ಇನ್ನೂ ಕಂಬದಲ್ಲೇ ಇತ್ತು.

ದೇಚಕ್ಕ ಸೆರಗಿಗೆ ಕೈ ಒರೆಸುತ್ತ ಬಂದರು.
ಕರೆಯದೆ ಬಂದೆಯಲ್ಲ ಮೊಯ್ದು,
ಸರ್ಕಾರ ಕಳಿಸಿತಾ?

ಗುಂಡಿಯಲ್ಲಿ ಎದೆಮಟ ನಿಂತಿದ್ದೆ.
ಹೌದು ಎಂದೆ,
ಆ ಉಪ್ಪಿನ ಚೀಲ ಸ್ವಲ್ಪ ಈಚೆ ತಳ್ಳಿ.