ಸಿಂಬಿ

ನನ್ನ ಹೆಸರು ಗಾದಿಲಿಂಗ.
ನಗಬೇಡಿ. ಗಾದಿಯ ಮೇಲೆ
ಹತ್ತು ನಿಮಿಷ ಕೂಡಲಾರದವನಿಗೆ
ಅವ್ವ ಇಟ್ಟ ಹೆಸರು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ, ತಗಡಿನ ಕೆಳಗೆ,
ಹತ್ತೊಂಬತ್ತು ವರ್ಷ ಜೀನ್ಸ್ ಹೊಲಿದೆ.
ಹೋದ ಕಾರ್ತೀಕದಲ್ಲಿ ವಾಷಿಂಗ್ ಯೂನಿಟ್ಟಿನ
ನೀಲಿ ನೀರಿಗೆ ಕಾಲು ಜಾರಿ
ಕೂತಂಗೇ ಬಿದ್ದೆ.
ಲುಂಗಿಯ ನೀಲಿ ಎರಡು ಒಗೆತಕ್ಕೆ ಹೋಯಿತು.
ಇದು ಹೋಗಲಿಲ್ಲ.

ಎಲ್ಲಿ ನೋವು ಅಂದರೆ
ಬೆರಳಿಟ್ಟು ತೋರಿಸಲಾಗದ ಜಾಗ.
ಹೆಂಡತಿಗೆ ಸೊಂಟ ಅಂದೆ, ಮಾಲೀಕನಿಗೆ ಬೆನ್ನು ಅಂದೆ,
ಮಗಳಿಗೆ ಏನೂ ಇಲ್ಲ ಅಂದೆ.
ಯಾರ ಮನೆಗೆ ಹೋದರೂ ಮೊದಲ ಮಾತು
'ಕುಂದ್ರಪ್ಪ.'
ಎಷ್ಟು ದೊಡ್ಡ ಮಾತು ಅದು,
ಒಲ್ಲೆ ಅಂದವನು ಎಷ್ಟು ಸಣ್ಣವನಾಗುತ್ತಾನೆ!
ಬೀಗರ ಮನೆಯಲ್ಲಿ ಗೋಡೆಗೆ ಆತು
ನಿಂತೇ ಚಹಾ ಕುಡಿದೆ.
ಸೊಕ್ಕು ಬಂದೈತಿ ಅಂದರಂತೆ.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು.
'ಬಾಲದೆಲುಬು. ನೋಡು, ಕೋಗಿಲೆ ಕೊಕ್ಕಿನಂಗ ಒಳಕ್ಕ ಬಾಗೈತಿ.'
ಬಾಲ ಹೋಗಿ ಎಷ್ಟು ಯುಗವಾಯಿತೋ,
ಅದರ ಬಾಕಿ ಮಾತ್ರ ನನ್ನ ಖಾತೆಗೆ.
'ತೆಗೆದುಬಿಡ್ರಿ. ಇಟ್ಕೊಂಡು ಏನ್ ಮಾಡ್ಲಿ?'

ಅವರು ಅವಸರ ಮಾಡಲಿಲ್ಲ.
'ತೆಗೀಬಹುದು. ಆದ್ರ ಅದು ಹೊಲಸಿನ ಬಾಗಿಲ ಪಕ್ಕದ ಜಾಗ,
ಗಾಯಕ್ಕ ಕೀವು ಸೇರಬಹುದು.
ಮಾಯಾಕ ತಿಂಗಳುಗಟ್ಟಲೆ.
ಮಾಯ್ದ ಮ್ಯಾಲೂ ನೋವು ಅಲ್ಲೇ ಕುಂತಿರಬಹುದು,
ಎಲುಬಿಲ್ಲದ ಜಾಗದಾಗ.
ಇಷ್ಟೇ ಇಷ್ಟು ಎಲುಬು ಖರೆ,
ಕೆಳಗಿನ ಸ್ನಾಯು ಎಲ್ಲ ಇದಕ್ಕ ಬಿಗಿದಾವ.'

ಬಿಗಿದಾವ ಅಂದಾಗ ನನಗೆ ತಿಳಿಯಿತು.
ಪ್ಯಾಂಟಿನಲ್ಲಿ ನಾಲ್ಕು ತುಂಡು ಬಂದು ಕೂಡುವ ಒಂದು ಜಾಗವಿದೆ,
ಎಂಟು ಪದರ ಬಟ್ಟೆ. ಸೂಜಿ ಮುರಿಯುವುದು ಅಲ್ಲೇ.
ಹೊರಗಿನವರಿಗೆ ಅದೊಂದು ಗಂಟು.
ಬಿಚ್ಚಿದರೆ ಸೀಟು, ತೊಡೆ, ಕಾಲು
ಒಂದರ ಗುರುತು ಒಂದಕ್ಕಿಲ್ಲ.
ಬಿಚ್ಚಿ ಮತ್ತೆ ಹೊಲಿಯಬಹುದು, ಹೊಲಿದಿದ್ದೇನೆ,
ಆದರೆ ಸೂಜಿಯ ಹಳೆಯ ತೂತನ್ನು
ಡೆನಿಮ್ ಮರೆಯುವುದಿಲ್ಲ.

ಕುರುಗೋಡಿನ ಡ್ರೈವರ್ ದೊಡ್ಡಬಸಪ್ಪ ತೆಗೆಸಿಕೊಂಡವನು.
ಹುಡುಕಿಕೊಂಡು ಹೋದೆ. ಇಬ್ಬರೂ ನಿಂತೇ ಮಾತಾಡಿದೆವು.
ಎರಡು ತಿಂಗಳು ಬೋರಲು ಮಲಗಿದ್ದನಂತೆ,
ಎರಡು ಸಲ ಗಾಯ ಬಾಯಿ ಬಿಟ್ಟಿತಂತೆ.
'ಈಗ?'
'ರೂಪಾಯಿಗೆ ಹನ್ನೆರಡಾಣೆ ಹೋಗೈತಿ. ನನಗ ಸಾಕು.'
ಉಳಿದ ನಾಲ್ಕಾಣೆಯ ಮಾತು ಬರಲಿಲ್ಲ.
ಬಸ್ಸು ಬಿಡುವ ಹೊತ್ತಿಗೆ ಸೀಟಿಗೆ ಇಳಿದ,
ಕಾದ ಹಂಚಿನ ಮೇಲೆ ಇಳಿಯುವವನ ಹಾಗೆ.

ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ.
ಮೆಷಿನ್ನಿನ ಡ್ರಾದಲ್ಲಿ, ಬಾಬಿನ್ನುಗಳ ನಡುವೆ ಇದೆ.
ಸದ್ಯ ಕಟಿಂಗ್ ಟೇಬಲ್ಲಿಗೆ ನಿಂತಿದ್ದೇನೆ,
ಕೂಲಿ ಕಮ್ಮಿ, ಕಾಲು ಬಾವು.
ಊಟಕ್ಕೆ ಕೂಡಲು ಮಾತ್ರ
ಚಿಂದಿ ಸುತ್ತಿ ಒಂದು ಸಿಂಬಿ ಮಾಡಿಕೊಂಡೆ,
ನಡುವೆ ತೂತು, ನೋವು ನೆಲ ಮುಟ್ಟದ ಹಾಗೆ.
ಇಂಥದ್ದನ್ನೇ ಅವ್ವ ನೆತ್ತಿಯ ಮೇಲಿಟ್ಟು
ಎರಡೆರಡು ಕೊಡ ಹೊರುತ್ತಿದ್ದಳು.
ತಲೆಯದನ್ನು ತಿಕದ ಕೆಳಗಿಟ್ಟೆಯಲ್ಲೋ
ಅಂತ ಬೈಯುತ್ತಿದ್ದಳು, ಇದ್ದಿದ್ದರೆ.
ಭಾರ ಹೊರುವುದು ತಾನೇ ಅದರ ಕೆಲಸ, ಅವ್ವ.

ನಿನ್ನೆ ಇಪ್ಪತ್ತು ನಿಮಿಷ ಕೂತೆ.
ಇವತ್ತು ಎಂಟು.